ಒಂದೇ ಉಂಡೆಯ ಎರಡು ತುದಿ

‘ಭಾಗ್ಯ, ಮಾದಿಹಳ್ಳಿ’ ಎಂದು ಕೌಂಟರಿನ ಹುಡುಗಿ ಕೂಗಿದಳು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದಳು. ಅವಳು ಫೈಲನ್ನು ಪಕ್ಕಕ್ಕೆ ಸರಿಸಲು ಹೊರಟಾಗ ಕೂತಲ್ಲಿಂದ ನಾನೇ ಹೇಳಿದೆ: ‘ಬರ್ತಾರೆ ಕಣಮ್ಮ, ಬಸ್ಸು ತಡ ಆಗಿರ್ಬೇಕು. ಹಿಂದಕ್ಕೆ ಹಾಕ್ಬೇಡ.’ ಹುಡುಗಿ ತಲೆಯಾಡಿಸಿ ಫೈಲನ್ನು ಮೇಲೆಯೇ ಇಟ್ಟುಕೊಂಡಳು. ಅಷ್ಟು ಹೊತ್ತಿಗೆ ಭಾಗ್ಯ ಸತ್ತು ವಾರದ ಮೇಲಾಗಿತ್ತು. ಅದು ಆ ಹುಡುಗಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬವಿತ್ತು, ಅದರೊಳಗೆ ನಮ್ಮಿಬ್ಬರ ಉಲ್ಲನ್ ಇತ್ತು.

ಈಗ ನಾನು ಚೆನ್ನಾಗಿದ್ದೇನೆ. ಅಂದರೆ ಆರು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ‘ಚೆನ್ನಾಗಿದ್ದೀರಿ’ ಎಂದು ಹೇಳಿಸಿಕೊಂಡು ಬರುವಷ್ಟು ಚೆನ್ನಾಗಿದ್ದೇನೆ. ಕಾಯಿಲೆಯ ಹೆಸರು ಕೇಳಿದಾಗ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಹೇಳುವವರು ಅರಸೀಕೆರೆ ತುಂಬ ಸಿಕ್ಕರು. ಒಬ್ಬರು ಯಾವುದೋ ಎಲೆಯ ರಸ ಅಂದರು, ಇನ್ನೊಬ್ಬರು ಉಪ್ಪು ಬಿಡಬೇಕು ಅಂದರು. ಆ ಕುರ್ಚಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಅರ್ಧ ದಿನ ಹೇಗೆ ಕೂತಿರುವುದು ಎಂದು ಹೇಳುವವರು ಒಬ್ಬರೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅಟ್ಟದ ಮೇಲೆ ತೆಂಗಿನಕಾಯಿಗಳು ವರ್ಷಗಟ್ಟಲೆ ಒಣಗುತ್ತವೆ. ನಮ್ಮ ಮನೆಯವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಕೆಟ್ಟಿದೆಯೋ ಗಟ್ಟಿಯಿದೆಯೋ ಹೇಳಿಬಿಡುತ್ತಾರೆ. ಒಡೆದು ನೋಡಿದರೆ ಹಾಗೆಯೇ ಇರುತ್ತದೆ. ಅಂಥವರಿಗೆ ನನ್ನ ಬಲ ಎದೆಯಲ್ಲಿ ಏನೋ ಗಡ್ಡೆ ಸಿಗುತ್ತಿದೆ ಎಂದು ಹೇಳಿದಾಗ ‘ಏನೂ ಇರಲ್ಲ ಬಿಡು, ಬಿಸಿಲಿಗೆ ಹಾಗಾಗುತ್ತೆ’ ಅಂದರು. ಬಿಸಿಲಿಗೂ ಅದಕ್ಕೂ ಏನು ಸಂಬಂಧವೋ ಅವರನ್ನೇ ಕೇಳಬೇಕು. ಮುಂದೆ ಡಾಕ್ಟರಮ್ಮ ರಿಪೋರ್ಟು ಮುಂದಿಟ್ಟುಕೊಂಡು ಮೆತ್ತಗೆ ವಿಷಯ ಹೇಳಿದಾಗ ಅವರು ಎದ್ದು ಹೋದರು. ನಾನು ಹೊರಗೆ ಬಂದು ನೋಡಿದರೆ ಗೋಡೆಯ ಮೇಲಿದ್ದ ‘ಕೈ ತೊಳೆಯುವ ಸರಿಯಾದ ವಿಧಾನ’ ಎಂಬ ಬೋರ್ಡನ್ನು ಓದುತ್ತಾ ನಿಂತಿದ್ದರು. ಬಹಳ ಹೊತ್ತು ಓದಿದರು. ನಾನೇ ಹೋಗಿ ತೋಳು ಹಿಡಿದು ‘ಬನ್ನಿ, ಕಾಫಿ ಕುಡಿಯೋಣ’ ಎಂದು ಕರೆದುಕೊಂಡು ಹೋದೆ.

ಅತ್ತೆಯ ಗಾಬರಿ ಬೇರೆ ಥರದ್ದು. ಮನೆಗೆ ಬಂದವರಿಗೆಲ್ಲ ‘ಗಿರಿಜಂಗೆ ಬೆನ್ನು ನೋವು, ಹಾಸನದಲ್ಲಿ ತೋರಿಸ್ತಿದೀವಿ’ ಎಂದು ಹೇಳತೊಡಗಿದರು. ಗಂಡಸಿಯಿಂದ ಬಂದ ಅವರ ತಂಗಿ ನನ್ನ ಬೆನ್ನಿಗೆ ಎಣ್ಣೆ ತಿಕ್ಕಿ ಹೋದರು. ನಾವು ಲಿಂಗ ಕಟ್ಟಿದವರು, ಆದರೂ ಅತ್ತೆ ಮಾಲೇಕಲ್ಲಿನ ವೆಂಕಟರಮಣನಿಗೆ ಹರಕೆ ಹೊತ್ತರು. ‘ಶಿವನಿಗೆ ಬೇಜಾರಾಗಲ್ವಾ ಅತ್ತೆ?’ ಎಂದು ಚುಚ್ಚಿದೆ. ‘ಶಿವ ನಮ್ಮೋನು, ಅರ್ಥ ಮಾಡ್ಕೊತಾನೆ. ಹೊರಗಿನೋರಿಗೂ ಒಂದು ಮಾತು ಹೇಳಿಡೋದ್ರಲ್ಲಿ ತಪ್ಪೇನು?’ ಅಂದರು. ಕೂದಲು ಉದುರಿ ತಲೆ ಬೋಳಾದ ದಿನ ಇದೇ ಅತ್ತೆ ತಮ್ಮ ಹಳೆಯ ಮೆತ್ತನೆಯ ಹತ್ತಿ ಸೀರೆಯನ್ನು ಹರಿದು, ನನ್ನನ್ನು ಮುಂದೆ ಕೂರಿಸಿಕೊಂಡು, ಅದನ್ನು ನನ್ನ ತಲೆಗೆ ಕಟ್ಟಿದರು.

ಆಪರೇಷನ್ ಆದ ಮೇಲೆ ಬಲಗೈ ಬಿಗಿದುಕೊಂಡಿತು. ಬೆರಳು ಆಡಿಸುತ್ತಿರಿ ಎಂದು ಡಾಕ್ಟರಮ್ಮ ಹೇಳಿದರು. ನನಗೆ ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವ ಕ್ರೋಶಾ ಬರುತ್ತಿತ್ತು. ಮದುವೆಯಾಗಿ ಬರುವಾಗ ಟಿವಿಗೆ ಹೊದಿಸುವ ಕವರು, ಬಾಗಿಲಿಗೆ ತೋರಣ ಎಲ್ಲ ಹಾಕಿ ತಂದಿದ್ದೆ. ಸರಿ, ಬಿಳಿ ಉಲ್ಲನ್ ತನ್ನಿ ಎಂದು ನಮ್ಮ ಮನೆಯವರನ್ನು ಹಾಸನದ ಅಂಗಡಿಗೆ ಕಳಿಸಿದೆ. ಅವರು ತಂದದ್ದು ಬಣ್ಣ ಬದಲಾಗುವ ಉಲ್ಲನ್ನಿನ ಒಂದು ದೊಡ್ಡ ಉಂಡೆ, ಮೂರು ಕಡ್ಡಿಗಳ ಒಂದು ಪ್ಯಾಕೆಟ್ಟು. ‘ಒಂದೇ ಉಂಡೇಲಿ ಎಲ್ಲಾ ಬಣ್ಣ ತಾನಾಗೇ ಬರುತ್ತಂತೆ. ಬೇರೆ ಬೇರೆ ತಗೊಳ್ಳೋದೇ ಬೇಡ’ ಎಂದರು. ವ್ಯಾಪಾರಿಯ ಬುದ್ಧಿ ಎಲ್ಲಿ ಹೋಗುತ್ತದೆ? ನಾನು ರೇಗಿದೆ. ಆ ದಿನಗಳಲ್ಲಿ ನನ್ನ ಪಾಲಿಗೆ ತೀರ್ಮಾನ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಯಾವತ್ತು ಸೂಜಿ, ಯಾವತ್ತು ವಾಂತಿ, ಯಾವತ್ತು ಎದ್ದು ಕೂರುವುದು, ಎಲ್ಲವನ್ನೂ ಬೇರೆ ಯಾರೋ ಹೇಳುತ್ತಿದ್ದರು. ಹಾಕುವ ಬಣ್ಣವಾದರೂ ನನ್ನ ಇಷ್ಟದ್ದಾಗಿರಲಿ ಎಂದುಕೊಂಡಿದ್ದೆ. ಅದೂ ಹೋಯಿತು.

ಮೊದಲನೇ ಕೀಮೋ ದಿನ ಆ ಉಂಡೆಯನ್ನೇ ಡಬ್ಬಕ್ಕೆ ಹಾಕಿಕೊಂಡು ಹೋದೆ. ಕಿಟಕಿಯ ಪಕ್ಕ ಒರಗು ಕುರ್ಚಿಗಳ ಸಾಲು. ನನ್ನ ಪಕ್ಕದ ಕುರ್ಚಿಯಲ್ಲಿ ನನಗಿಂತ ಚಿಕ್ಕವಳೊಬ್ಬಳು ಕಾಲು ಮಡಚಿ ಕೂತಿದ್ದಳು. ಹಳೇಬೀಡಿನ ಹತ್ತಿರ ಮಾದಿಹಳ್ಳಿಯವಳು, ಹೆಸರು ಭಾಗ್ಯ. ಮನೆಯಲ್ಲಿ ಹಸುಗಳಿವೆ, ಡೈರಿಗೆ ಹಾಲು ಹಾಕುತ್ತಾರೆ, ಗದ್ದೆಯಿದೆ, ಪಿಯುಸಿ ಓದುವ ದಿವ್ಯ ಎಂಬ ಮಗಳಿದ್ದಾಳೆ. ಇದಿಷ್ಟನ್ನೂ ಸಿಸ್ಟರು ನನಗೆ ಸೂಜಿ ಹಾಕಿ ಮುಗಿಸುವುದರೊಳಗೆ ಹೇಳಿಬಿಟ್ಟಳು. ಅವಳ ಗಂಡ ನಾಗರಾಜ ಒಳಗೆ ಕಾಲಿಡುತ್ತಿರಲಿಲ್ಲ. ಹೊರಗೆ ಟೀ ಅಂಗಡಿಯ ಹತ್ತಿರ ಸಂಜೆಯವರೆಗೆ ನಿಂತೇ ಇರುತ್ತಿದ್ದ.

ನಾನು ಡಬ್ಬ ತೆಗೆದು ಗ್ರಾನಿ ಸ್ಕ್ವೇರ್ ಶುರು ಮಾಡಿದೆ. ಮೊಬೈಲಿನಲ್ಲಿ ನೋಡಿ ಕಲಿತದ್ದು. ನಡುವೆ ಒಂದು ಸಣ್ಣ ಉಂಗುರ, ಅದರ ಸುತ್ತ ನೆಟ್ಟಗೆ ನಿಲ್ಲುವ ಮೂರು ಮೂರು ಹೆಣಿಗೆಯ ಕಂಬ, ಮೂಲೆಗೆ ಎರಡು ಜೊತೆ, ಹೀಗೆ ಸುತ್ತುತ್ತಾ ಹೋದರೆ ಚೌಕ ಬೆಳೆಯುತ್ತದೆ. ‘ಇದಕ್ಕೇನಂತಾರೆ ಅಕ್ಕ?’ ಎಂದಳು. ಹೇಳಿದೆ. ‘ಗ್ರಾನಿ ಅಂದ್ರೆ ಅಜ್ಜಿ ಅಲ್ವಾ? ನಾವು ಅಜ್ಜಿ ಆಗ್ತೀವೋ ಇಲ್ವೋ, ಅಜ್ಜಿ ಚೌಕ ಆದ್ರೂ ಹಾಕಣ. ನನಗೂ ಒಂದು ತುದಿ ಕೊಡ್ರಿ.’

‘ಇರೋದು ಒಂದೇ ಉಂಡೆ ಕಣೇ.’

‘ಉಂಡೆ ಒಂದಾದ್ರೂ ತುದಿ ಎರಡಿರ್ತಾವಲ್ಲ’ ಎಂದು ಉಂಡೆಯನ್ನು ಕಸಿದುಕೊಂಡು ಅದರ ಹೊಟ್ಟೆಯೊಳಗೆ ಎರಡು ಬೆರಳು ತೂರಿಸಿದಳು. ಒಳಗೆಲ್ಲ ತಡಕಾಡಿ, ಮುಖವನ್ನು ಚಾವಣಿಯ ಕಡೆ ಎತ್ತಿಕೊಂಡು, ನಡುವಿನ ತುದಿಯನ್ನು ಹಿಡಿದು ಈಚೆಗೆ ಎಳೆದಳು. ‘ಕರ ಎಳ್ದಂಗೆ ಆಯ್ತು ನೋಡ್ರಿ’ ಎಂದು ನಕ್ಕಳು. ಹಸು ಈಯುವಾಗ ಕಷ್ಟವಾದರೆ ಹೀಗೇ ಕೈ ಹಾಕುತ್ತಾರಂತೆ. ಹೈಸ್ಕೂಲಿನಲ್ಲಿ ಟೀಚರು ಕ್ರೋಶಾ ಕಲಿಸಿದ್ದರಂತೆ, ಕೈ ಮರೆತಿರಲಿಲ್ಲ. ಪ್ಯಾಕೆಟ್ಟಿನ ಸಣ್ಣ ಕಡ್ಡಿ ಅವಳಿಗೆ, ದಪ್ಪದ್ದು ನನಗೆ.

ಆವತ್ತಿನಿಂದ ಅದೇ ನಮ್ಮ ಪದ್ಧತಿಯಾಯಿತು. ಡಬ್ಬ ಎರಡು ಕುರ್ಚಿಗಳ ನಡುವಿನ ಸ್ಟೂಲಿನ ಮೇಲೆ. ನಾನು ಉಂಡೆಯ ಹೊರಗಿನಿಂದ ಎಳೆಯುತ್ತಿದ್ದೆ, ಅವಳು ಒಳಗಿನಿಂದ. ನನಗೆ ಬಣ್ಣಗಳು ಕೆಂಪು, ಅರಿಶಿನ, ಹಸಿರು, ನೀಲಿ, ನೇರಳೆ ಎಂದು ಬಂದರೆ ಅವಳಿಗೆ ಹಿಂದುಮುಂದಾಗಿ ಬರುತ್ತಿದ್ದವು. ನೂಲು ಕತ್ತರಿಸುವ ಹಾಗಿರಲಿಲ್ಲ, ಕತ್ತರಿಸಿದರೆ ಲೆಕ್ಕ ತಪ್ಪುತ್ತದೆ ಎಂದಳು. ಹಾಗಾಗಿ ಸಣ್ಣ ಸಣ್ಣ ಚೌಕಗಳ ಬದಲು ಇಬ್ಬರೂ ಒಂದೊಂದೇ ಚೌಕವನ್ನು ಬೆಳೆಸುತ್ತಾ ಹೋದೆವು. ಚೌಕ ಸಣ್ಣದಿದ್ದಾಗ ಒಂದು ಬಣ್ಣ ನಾಲ್ಕಾರು ಸುತ್ತು ಬರುತ್ತಿತ್ತು, ದೊಡ್ಡದಾದ ಹಾಗೆ ಒಂದು ಸುತ್ತಿಗೂ ಸಾಲದಾಯಿತು. ಅವಳ ಕೈ ಬಿಗಿ, ನನ್ನದು ಸಡಿಲ. ಅವಳು ಜೋರಾಗಿ ಎಳೆದಾಗ ಉಂಡೆ ಡಬ್ಬದೊಳಗೆ ಕುಣಿದು ನನ್ನ ನೂಲು ಬೆರಳಿನಲ್ಲಿ ಜಗ್ಗುತ್ತಿತ್ತು. ‘ಇರೇ ಭಾಗ್ಯ, ಎಳೀಬೇಡ’ ಎನ್ನುತ್ತಿದ್ದೆ. ‘ನಿಮ್ ಕಡೆ ಬೇಕಾದಷ್ಟೈತೆ ಬಿಡ್ರಕ್ಕ’ ಎನ್ನುತ್ತಿದ್ದಳು. ಒಂದು ಕೀಮೋ ಮುಗಿಯುವುದರೊಳಗೆ ಈ ಮಾತು ಎಷ್ಟು ಸಲ ಬರುತ್ತಿತ್ತೋ.

ಬಣ್ಣಗಳ ಸಾಲಿನಲ್ಲಿ ನೇರಳೆಗೂ ಕೆಂಪಿಗೂ ನಡುವೆ ಬೂದಿ ಬಣ್ಣದ ಒಂದು ಪಟ್ಟಿಯಿತ್ತು. ಅದನ್ನು ಕಂಡರೆ ಭಾಗ್ಯಳಿಗೆ ಆಗುತ್ತಿರಲಿಲ್ಲ. ಬೂದಿಯಲ್ಲಿ ಕೆಲಸ ನಿಲ್ಲಿಸಬಾರದು ಎಂದು ಅವಳೇ ನಿಯಮ ಮಾಡಿದಳು. ಔಷಧಿಯ ಬಾಟಲಿ ಖಾಲಿಯಾಗುತ್ತಾ ಬಂದಾಗ ಯಾರ ಕಡೆಯಾದರೂ ಬೂದಿ ಇದ್ದರೆ ಇಬ್ಬರೂ ಮಾತು ಬಿಟ್ಟು ದಡದಡ ಕೈ ಆಡಿಸಿ ಮುಂದಿನ ಬಣ್ಣ ಕಾಣಿಸುವವರೆಗೆ ಹಾಕುತ್ತಿದ್ದೆವು. ಸಿಸ್ಟರು ಸೂಜಿ ತೆಗೆಯಲು ಬಂದರೆ ‘ಒಂದ್ ನಿಮ್ಷ ಇರಿ ಸಿಸ್ಟರ್, ಬೂದಿ ಐತೆ’ ಎಂದು ತಡೆಯುತ್ತಿದ್ದಳು. ಸಿಸ್ಟರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಇನ್ನೊಂದು ನಿಯಮವೂ ಇತ್ತು: ಡಬ್ಬ ಒಂದು ಸಲ ಮಾದಿಹಳ್ಳಿಗೆ, ಮುಂದಿನ ಸಲ ಅರಸೀಕೆರೆಗೆ. ಮನೆಯಲ್ಲಿ ಯಾರೂ ಹಾಕುವ ಹಾಗಿಲ್ಲ. ಕುರ್ಚಿಯಲ್ಲಿ ಕೂತಾಗ ಮಾತ್ರ.

ನಗುತ್ತಿದ್ದೆವು ಎಂದು ಬರೆದರೆ ಸುಖವಾಗಿದ್ದೆವು ಎಂದು ತಿಳಿಯಬೇಡಿ. ಬಾಯಲ್ಲಿ ಕಬ್ಬಿಣದ ರುಚಿ, ಕಾಲಲ್ಲಿ ಉರಿ. ಮನೆಗೆ ಹೋದ ಮೇಲೆ ಮೂರು ನಾಲ್ಕು ದಿನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಸಾಯುವ ಭಯ ನನಗೆ ಚೆನ್ನಾಗಿಯೇ ಇತ್ತು. ಆದರೆ ಎದ್ದು ಮತ್ತೆ ಹಾಸನಕ್ಕೆ ಹೊರಡುವ ದಿನ ಬಂದಾಗ, ಹೋಗಲೇಬೇಕಾದದ್ದಕ್ಕೆ ಹೋಗುತ್ತಿದ್ದೇನೆ ಎಂಬುದರ ಜೊತೆಗೆ ಭಾಗ್ಯಳ ಕಡೆ ಯಾವ ಬಣ್ಣ ಬಂದಿದೆಯೋ ನೋಡೋಣ ಎಂಬುದೂ ಇರುತ್ತಿತ್ತು.

ಕೊನೆಯ ಸಲ ಅವಳು ಕೂತಾಗ ಮೈ ಬಿಸಿಯಿತ್ತು. ಮಾತು ಕಡಿಮೆ. ಜ್ವರ ನೋಡಿ ಸಿಸ್ಟರು ನಡುವೆಯೇ ಔಷಧಿ ನಿಲ್ಲಿಸಿದರು, ಡಾಕ್ಟರನ್ನು ಕರೆಯಲು ಹೋದರು. ಅವಳ ಕಡ್ಡಿಯಲ್ಲಿ ಬೂದಿ ಬಣ್ಣ ಓಡುತ್ತಿತ್ತು. ‘ಕೊಡು, ನಾನು ಹಾಕಿ ದಾಟಿಸಿ ಬಿಡ್ತೀನಿ’ ಎಂದೆ. ‘ಬ್ಯಾಡಕ್ಕ, ಅದು ನನ್ ಕಡೆ. ಮುಂದಿನ್ ಸಲ ನಾನೇ ಹಾಕ್ತೀನಿ’ ಎಂದು ಕಡ್ಡಿಯನ್ನು ಕುಣಿಕೆಯಲ್ಲೇ ಬಿಟ್ಟು, ಚೌಕವನ್ನು ಮಡಚಿ ಡಬ್ಬಕ್ಕೆ ಹಾಕಿದಳು. ಡಬ್ಬ ನಮ್ಮ ಮನೆಗೆ ಬರುವ ಸರದಿ. ಅವಳನ್ನು ವಾರ್ಡಿಗೆ ಸೇರಿಸಿಕೊಂಡರು. ನಾನು ಹೊರಡುವಾಗ ವಾರ್ಡಿನ ಕಿಟಕಿಯಿಂದ ಕೈ ಬೀಸಿದಳು.

ಮುಂದಿನ ಸಲ ನಾನು ಹೋದಾಗಿನದ್ದೇ ಮೊದಲು ಹೇಳಿದ ಸಂಗತಿ. ‘ಬರ್ತಾರೆ’ ಎಂದು ಅವಳ ಪರವಾಗಿ ನಾನು ಉತ್ತರ ಕೊಟ್ಟೆ. ಅವಳ ಕುರ್ಚಿಯಲ್ಲಿ ಒಬ್ಬ ವಯಸ್ಸಾದವರನ್ನು ಕೂರಿಸಿದರು, ಅವರು ಕೂತ ತಕ್ಷಣ ನಿದ್ದೆ ಹೋದರು. ನಾನು ನನ್ನ ಕಡೆಯಿಂದ ಹಾಕುತ್ತಾ ಕೂತೆ. ನೂಲು ಒಂದು ಸಲವೂ ಜಗ್ಗಲಿಲ್ಲ. ಸಂಜೆ ಹೊರಗೆ ಬಂದು ಅವಳ ನಂಬರಿಗೆ ಫೋನು ಮಾಡಿದೆ. ನಾಗರಾಜ ಎತ್ತಿಕೊಂಡ. ಹಿಂದೆ ಹಸು ಕೂಗುತ್ತಿತ್ತು.

‘ಭಾಗ್ಯ ಇಲ್ವಾ?’

‘ಇಲ್ಲ ಕಣ್ರಕ್ಕ. ಹೋಗ್ಬುಟ್ಳು.’

‘ಎಲ್ಲಿಗೆ?’ ಎಂದೆ.

‘ಜ್ವರ ಇಳೀಲೇ ಇಲ್ಲ ಕಣ್ರಕ್ಕ. ನಿಮ್ಗೆ ಹೇಳ್ಬೇಕು ಅಂದ್ಕಂಡೆ, ನೀವೂ ಅದ್ರಾಗೇ ಇದೀರಲ್ಲ ಅಂತ ಸುಮ್ಕಾದೆ’ ಎಂದ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ನಮ್ಮ ಮನೆಯವರು ಓಡಿ ಬಂದು ತಲೆ ಸುತ್ತಿತಾ ಎಂದು ಕೇಳಿದರು. ಹೂಂ ಎಂದೆ.

ಮನೆಯಲ್ಲಿ ಅತ್ತೆಗೆ ವಿಷಯ ತಿಳಿಯಿತು. ಮಾರನೇ ದಿನ ಕತ್ತರಿ ತಂದು ನನ್ನ ಮುಂದಿಟ್ಟರು. ‘ಸತ್ತೋಳ ಕೈಗೆಲಸ ಮನೇಲಿ ಇಟ್ಕೋಬಾರ್ದು ಗಿರಿಜಾ. ಮಧ್ಯಕ್ಕೆ ಕತ್ತರಿಸು. ಅವಳದ್ದು ಅವಳ ಮನೆಗೆ ಹೋಗ್ಲಿ, ನಿನ್ನದು ನಿನಗಿರ್ಲಿ.’ ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ಕತ್ತರಿ ತಂದಿದ್ದರು. ನಾನು ಕತ್ತರಿಯನ್ನು ಕೈಗೆ ತೆಗೆದುಕೊಂಡೆ. ಎಲ್ಲಿ ಕತ್ತರಿಸುವುದು? ನನ್ನ ಚೌಕದಿಂದ ಹೊರಟ ನೂಲು ಉಂಡೆಯೊಳಗೆ ಹೋಗಿ, ಎಲ್ಲೆಲ್ಲೋ ಸುತ್ತಿ, ಅವಳ ಚೌಕಕ್ಕೆ ಹೋಗಿ ಸೇರುತ್ತಿತ್ತು. ಅವಳದು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗುತ್ತದೆ ಎಂದು ನೋಡಿದವರು ಯಾರು? ಕತ್ತರಿಸಲು ಆಗಲಿಲ್ಲ. ಹಾಕಲೂ ಆಗಲಿಲ್ಲ. ನನ್ನ ಕಡೆಯಿಂದ ಒಂದೊಂದು ಸುತ್ತು ಹಾಕಿದ ಹಾಗೆ ಉಂಡೆ ಸಣ್ಣದಾಗುತ್ತದೆ, ಸಣ್ಣದಾಗಿ ಮುಗಿದ ದಿನ ನನ್ನ ಕೈ ಹೋಗಿ ನಿಲ್ಲುವುದು ಅವಳ ಬೂದಿಯ ಹತ್ತಿರ. ಇದು ಹುಚ್ಚು ಎಂದು ನನಗೂ ಗೊತ್ತಿತ್ತು. ಆದರೂ ಆ ಉಂಡೆ ಮುಗಿದರೆ ನನ್ನ ಸರದಿ ಎಂಬ ಭಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಡಬ್ಬವನ್ನು ಅಟ್ಟಕ್ಕೆ ಹಾಕಿಸಿದೆ, ಕಾಯಿಗಳ ಹಿಂದೆ. ಉಳಿದ ಕೀಮೋಗಳಿಗೆ ಬರಿಗೈಯಲ್ಲಿ ಹೋದೆ. ರೇಡಿಯೇಷನ್ನಿಗೆ ಮೈಸೂರಿಗೆ ಹೋಗಿಬಂದದ್ದೂ ಆಯಿತು. ಔಷಧಿಯಿಂದ ಬೆರಳ ತುದಿಗಳು ಜೋಮು ಹಿಡಿದವು. ಬಿಸಿ ಲೋಟ ಮುಟ್ಟಿದರೆ ತಿಳಿಯದು, ಅಕ್ಕಿಯಲ್ಲಿ ಕಲ್ಲು ಸಿಕ್ಕದು. ಏನೂ ತಿಳಿಯದ ಆ ಬೆರಳಿಗೆ ಒಂದು ಮಾತ್ರ ತಿಳಿಯುತ್ತಿತ್ತು. ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದ ಹೊತ್ತಿನಲ್ಲಿ, ಸೊಪ್ಪು ಸೋಸುತ್ತಲೋ ಸುಮ್ಮನೆ ಕೂತೋ ಇದ್ದಾಗ, ನೂಲು ಸುತ್ತಿಕೊಳ್ಳುತ್ತಿದ್ದ ಅದೇ ಬೆರಳು ಒಮ್ಮೆ ಜಗ್ಗುತ್ತಿತ್ತು. ಬಿಗಿ ಕೈಯವರು ಎಳೆದ ಹಾಗೆ. ಆಗ ಅಟ್ಟದ ಮೇಲೆ ಕಾಯಿಯೊಂದು ಸರಿದು ಕಟಕ್ಕೆಂದು ಇನ್ನೊಂದಕ್ಕೆ ತಾಕುವ ಸದ್ದು ಕೇಳುತ್ತಿತ್ತು. ನಮ್ಮ ಮನೆಯವರನ್ನು ಕೇಳಿದರೆ ‘ಕಾಯಿ ಒಣಗ್ತಿದೆ ಕಣೇ, ಹಗುರ ಆದ ಹಾಗೆ ಸರಿಯುತ್ತೆ’ ಎಂದರು. ಮದುವೆಯಾದಾಗಿನಿಂದ ಆ ಸದ್ದಿನ ಕೆಳಗೇ ಬದುಕಿದವಳು ನಾನು. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಎಲ್ಲ ಮುಗಿದು ಮೊದಲ ಪರೀಕ್ಷೆಗೆ ಹೋದಾಗ ಡಾಕ್ಟರಮ್ಮ ಸ್ಕ್ಯಾನು ನೋಡಿ ಚೆನ್ನಾಗಿದ್ದೀರಿ ಎಂದರು. ಬೆರಳಿನ ವಿಷಯ ಹೇಳಿದೆ. ನರಗಳು ಹಾಗೆ ಮಾಡುತ್ತವೆ, ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ ಎಂದರು. ಎದ್ದವಳು ಮತ್ತೆ ಕೂತೆ.

‘ಮೇಡಂ, ಅವಳಿಗೂ ಇದೇ ಕಾಯಿಲೆ, ಇದೇ ಔಷಧಿ. ಪಕ್ಕದ ಕುರ್ಚಿ. ಅವಳು ಯಾಕೆ ಹೋದ್ಲು, ನಾನು ಯಾಕೆ ಇದ್ದೀನಿ?’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನನಗೂ ಗೊತ್ತಿಲ್ಲ ಗಿರಿಜಮ್ಮ’ ಎಂದರು. ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಸಮಾಧಾನಗಳಲ್ಲಿ ಅದೂ ಒಂದು. ಗೊತ್ತಿದೆ ಎಂದು ಏನಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಭಾಗ್ಯಳ ವರ್ಷ ತುಂಬಿದ ಮೇಲೆ ಹಿರಿಯರ ಹಬ್ಬ ಬಂತು. ನಾಗರಾಜ ಫೋನು ಮಾಡಿದ. ‘ಈ ಸಲ ಅವಳ್ಗೂ ಎಡೆ ಇಕ್ತೀವಿ ಕಣ್ರಕ್ಕ. ಅವಳ್ಗೆ ಇಷ್ಟವಾದ್ದೆಲ್ಲ ಇಕ್ಬೇಕು. ಆ ಉಲ್ಲನ್ನು ನಿಮ್ತಾವೇ ಐತಲ್ವಾ?’ ನಾನು ಹೂಂ ಎಂದೆ. ‘ತಂದ್ಕೊಟ್ರೆ ಒಳ್ಳೇದಿತ್ತು’ ಎಂದ. ಅಟ್ಟದಿಂದ ಡಬ್ಬ ಇಳಿಸಿದೆವು. ಅತ್ತೆ ಅದನ್ನು ಮುಟ್ಟದೆ ದೂರದಿಂದಲೇ ನೋಡಿ ‘ಅಲ್ಲೇ ಬಿಟ್ಟು ಬಾ. ಅವಳದ್ದನ್ನ ಅವಳಿಗೆ ಒಪ್ಪಿಸಿದ ಹಾಗೂ ಆಯ್ತು’ ಎಂದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಬಿಟ್ಟು ಬಂದರೆ ಬೆರಳು ಜಗ್ಗುವುದು ನಿಲ್ಲುತ್ತದೆ, ಉಂಡೆ ಮುಗಿಯುವ ಭಯವೂ ನಿಲ್ಲುತ್ತದೆ. ನಾನು ಬದುಕಬೇಕಾಗಿತ್ತು, ಅದಕ್ಕೆ ಅವಳಿಂದ ಬಿಡಿಸಿಕೊಳ್ಳಬೇಕಾಗಿತ್ತು. ಹೀಗೆ ಬರೆಯಲು ನಾಚಿಕೆಯೇನೂ ಇಲ್ಲ. ಕಾಯಿಲೆಯಿಂದ ಎದ್ದವರಿಗೆ ಇದು ಅರ್ಥವಾಗುತ್ತದೆ.

ಜಾವಗಲ್ ಮೇಲೆ ಹಳೇಬೀಡಿಗೆ ಬಸ್ಸು, ಅಲ್ಲಿಂದ ಮಾದಿಹಳ್ಳಿಗೆ ಇನ್ನೊಂದು. ಬಾಗಿಲಲ್ಲಿ ದಿವ್ಯ ನಿಂತಿದ್ದಳು. ಮುಖ ಬೇರೆ, ನಿಲ್ಲುವ ಭಂಗಿ ಮಾತ್ರ ತಾಯಿಯದೇ. ನಡುಮನೆಯಲ್ಲಿ ಕಳಶ, ಅದರ ಮುಂದೆ ಹೊಸ ಹಸಿರು ಸೀರೆ, ಬಳೆ, ಹೂವು, ಬಾಳೆ ಎಲೆಯ ತುಂಬ ಅಡುಗೆ. ಕೀಮೋ ಸಮಯದಲ್ಲಿ ಯಾವುದೂ ಸೇರದೆ ‘ಒಂದಿನ ಬಾಯಿ ಸರಿ ಹೋಗ್ಲಿ, ಕೋಳಿ ಸಾರು ಕುಡ್ದು ಸಾಯ್ತೀನಿ’ ಎಂದು ನಗುತ್ತಿದ್ದಳು. ಮುದ್ದೆಯ ಪಕ್ಕ ಕೋಳಿ ಸಾರು ಹಬೆಯಾಡುತ್ತಿತ್ತು. ನನಗೆಂದು ಬೇರೆ ಒಲೆಯಲ್ಲಿ ಬೇಳೆ ಸಾರು ಮಾಡಿಟ್ಟಿದ್ದರು. ನಾಗರಾಜನ ತಾಯಿ ಡಬ್ಬದ ಮುಚ್ಚಳ ತೆಗೆಸಿ, ಉಂಡೆ, ಎರಡು ಚೌಕ, ಎರಡು ಕಡ್ಡಿ ಎಲ್ಲವನ್ನೂ ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು ಸಾರಿನ ಪಕ್ಕಕ್ಕೆ ಇರಿಸಿದರು. ಈ ಒಂದು ಸಂಗತಿಯನ್ನು ನಮ್ಮ ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದೆವು. ಬಾಗಿಲು ಹಾಕಿದರು. ಹೋದವರು ಬಂದು ಉಣ್ಣುವ ಹೊತ್ತಿನಲ್ಲಿ ಯಾರೂ ನೋಡಬಾರದು. ಜಗಲಿಯ ಮೇಲೆ ಕೂತೆವು. ಮಧ್ಯಾಹ್ನದ ಬಿಸಿಲು, ಬೀದಿಯಲ್ಲಿ ಯಾರೂ ಇಲ್ಲ. ದಿವ್ಯ ನನ್ನ ಪಕ್ಕ ಬಂದು ಕೂತು ‘ನಮ್ಮಮ್ಮ ಅಲ್ಲಿ ಏನು ಮಾತಾಡ್ತಿದ್ರು ಆಂಟಿ?’ ಎಂದು ಕೇಳಿದಳು. ಬೂದಿ ಬಣ್ಣದ ನಿಯಮ ಹೇಳಿದೆ. ಸಿಸ್ಟರನ್ನು ತಡೆಯುತ್ತಿದ್ದದ್ದು ಹೇಳಿದೆ. ನಕ್ಕಳು, ಆಮೇಲೆ ಅತ್ತಳು. ಅಷ್ಟರಲ್ಲಿ ಮುಚ್ಚಿದ ಬಾಗಿಲ ಹಿಂದೆ ಟಣ್ ಎಂದು ಸದ್ದಾಯಿತು. ತಟ್ಟೆಯ ಮೇಲೆ ಏನೋ ಬಿದ್ದ ಸದ್ದು. ನಾಗರಾಜ ತಲೆ ತಗ್ಗಿಸಿದ. ಅವನ ತಾಯಿ ಮಾತ್ರ ಕೂತಲ್ಲಿಂದ ಕದಲದೆ, ನೆಂಟರು ಬಂದರೆಂದು ಹೇಳುವ ಹಾಗೆ ‘ಬಂದವ್ಳೆ’ ಎಂದರು.

ಬಾಗಿಲು ತೆಗೆದಾಗ ಉಂಡೆ ಕುಸಿದಿತ್ತು. ಒಳಗೂ ಹೊರಗೂ ನೂಲು ಎಳೆದ ಉಂಡೆ ಒಳಗೆ ಟೊಳ್ಳಾಗಿರುತ್ತದೆ, ಒಂದಲ್ಲ ಒಂದು ದಿನ ತನ್ನಷ್ಟಕ್ಕೆ ಕುಸಿಯುತ್ತದೆ. ಕುಸಿದು ಭಾಗ್ಯಳ ಕಡ್ಡಿಯನ್ನು ತಳ್ಳಿದೆ, ಕಡ್ಡಿ ಕುಣಿಕೆಯಿಂದ ಕಳಚಿ ತಟ್ಟೆಗೆ ಬಿದ್ದಿದೆ. ಇಷ್ಟು ನನಗೆ ಅರ್ಥವಾಗುತ್ತದೆ. ವರ್ಷವಿಡೀ ಅಟ್ಟದಲ್ಲಿ ಕುಸಿಯದ್ದು ಆ ಗಳಿಗೆಯಲ್ಲೇ ಯಾಕೆ ಕುಸಿಯಿತು ಎಂಬುದು ಅರ್ಥವಾಗಿಲ್ಲ. ಬೂದಿ ಬಣ್ಣದ ಕುಣಿಕೆ ಬಾಯಿ ತೆರೆದುಕೊಂಡು ಕೂತಿತ್ತು, ಒಂದು ಸಲ ಎಳೆದರೆ ಅವಳು ಹಾಕಿದ್ದೆಲ್ಲ ಬಿಚ್ಚಿಹೋಗುವ ಹಾಗೆ.

ನಾಗರಾಜನ ತಾಯಿ ಎಡೆ ತೆಗೆಯತೊಡಗಿದರು. ಸೀರೆ ದಿವ್ಯಳ ಹೆಗಲಿಗೆ, ಬಳೆ ಅವಳ ಕೈಗೆ. ಆಮೇಲೆ ತಟ್ಟೆಯನ್ನೆತ್ತಿ ನನ್ನ ಮುಂದೆ ಹಿಡಿದರು.

‘ನಾನು ಕೊಟ್ಟು ಹೋಗೋಕೆ ಬಂದಿದ್ದು ಅಮ್ಮ’ ಎಂದೆ. ‘ಇಲ್ಲೇ ಇರ್ಲಿ.’

‘ಎಡೆಗಿಕ್ಕಿದ್ದನ್ನ ಹಂಗೇ ಎತ್ತಿಡಂಗಿಲ್ಲ ಕಣವ್ವ. ಊಟ ಆದ್ರೆ ಉಣ್ಬೇಕು, ಬಟ್ಟೆ ಆದ್ರೆ ಉಡ್ಬೇಕು. ನಮ್ಮನೇಲಿ ಇದನ್ನ ಹಾಕೋರು ಯಾರವ್ರೆ? ದಿವ್ಯಂಗೆ ಬರಕ್ಕಿಲ್ಲ.’

‘ಇದು ಅವಳ ಕಡೆಯದ್ದು. ಮುಟ್ಟಬೇಡ ಅಂದಿದ್ಲು.’

‘ಆವಾಗ ಅಂದಿದ್ಲು. ಈಗ ಅವಳು ಮುಟ್ಟಿ ಬುಟ್ಟವ್ಳೆ’ ಎಂದು ತಟ್ಟೆಯನ್ನು ನನ್ನ ಕೈಗೆ ಒತ್ತಿದರು. ‘ತಗೋ. ಕುಣಿಕೆ ಬಿಚ್ಚೋದ್ರೊಳ್ಗೆ ಹಿಡ್ಕೋ.’

ಬಿಡಿಸಿಕೊಳ್ಳಲು ಬಂದವಳು ಜಗಲಿಯ ಮೇಲೆ ಕೂತೆ. ಒಂದು ತೊಡೆಯ ಮೇಲೆ ನನ್ನ ಚೌಕ, ಇನ್ನೊಂದರ ಮೇಲೆ ಅವಳದ್ದು, ನಡುವೆ ತಟ್ಟೆಯಲ್ಲಿ ಕುಸಿದ ಉಂಡೆ. ಜೋಮು ಹಿಡಿದ ಬೆರಳಿಗೆ ಕುಣಿಕೆ ಸಿಗಲಿಲ್ಲ, ದಿವ್ಯ ಕಡ್ಡಿಯ ತುದಿ ಹಿಡಿದು ತೂರಿಸಿಕೊಟ್ಟಳು. ಅವಳ ಸಣ್ಣ ಕಡ್ಡಿ, ಅವಳ ಬಿಗಿ. ಮೂರು ಕಂಬ, ಮತ್ತೆ ಮೂರು ಕಂಬ. ಬೂದಿ ಬಣ್ಣ ಒಂದು ಬದಿ ಪೂರ್ತಿ ಹೋಯಿತು, ಮೂಲೆ ತಿರುಗಿತು. ಪಕ್ಕದಲ್ಲಿ ಕೂತ ದಿವ್ಯ ಬಗ್ಗಿ ನೋಡುತ್ತಿದ್ದಳು. ನೂಲು ಮುಗಿಯುತ್ತದೆ ಎಂಬ ಭಯ ಆಗಲೂ ಇತ್ತು, ಈಗಲೂ ಇದೆ. ಕೈ ಮಾತ್ರ ನಿಲ್ಲಲಿಲ್ಲ. ಬೂದಿಯಲ್ಲಿ ನಿಲ್ಲಿಸಬಾರದು.

ನೂಲು ಎಲ್ಲೋ ಸಿಕ್ಕಿಕೊಂಡಿತು. ಜೋರಾಗಿ ಎಳೆದೆ. ತಟ್ಟೆಯಲ್ಲಿ ಉಂಡೆ ಹೊರಳಿ ನೇರಳೆ ಬಣ್ಣ ಈಚೆಗೆ ಬಂತು, ಅದೇ ಗಳಿಗೆಯಲ್ಲಿ ಇನ್ನೊಂದು ತೊಡೆಯ ಮೇಲಿದ್ದ ನನ್ನ ಚೌಕ ಒಮ್ಮೆ ಜಗ್ಗಿತು. ‘ಇರೇ, ಎಳೀಬೇಡ’ ಎಂದು ಬಾಯಿ ತಾನಾಗಿ ಹೇಳಿತು. ಎಳೆದವಳು ನಾನೇ. ಅವಳು ಕೂತಿದ್ದ ಕಡೆ ಈಗ ನಾನು ಕೂತಿದ್ದೆ. ಉತ್ತರ ಕೊಡುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದನ್ನೂ ನಾನೇ ಹೇಳಿದೆ.

‘ನಿಮ್ ಕಡೆ ಬೇಕಾದಷ್ಟೈತೆ ಬಿಡ್ರಕ್ಕ.’